ಇನ್ನೂ ಒಳ್ಳೆಯದು

"ಗುರುಗಳೇ, ಮನೆಯಲ್ಲಿ ಮೊಬೈಲಿನಿಂದ ಹಾಡು ಕೇಳಲು ಒಂದು ಹೆಡ್‌ಫೋನ್ ಕೊಳ್ಳಬೇಕು. ನೋಡಿದಷ್ಟೂ ಇನ್ನೊಂದು ಮೇಲೆನಿಸುತ್ತದೆ. ಯಾವುದನ್ನು ಆರಿಸಲಿ?" ಎಂದು ಮಧುಕೇಶ ಕೇಳಿದ. ಅವನು ಸಂಗೀತ ಕಲಿಯಲು ಬರುತ್ತಿದ್ದ ಶಿಷ್ಯ.

ಗುರುಗಳು ತಂಬೂರಿಯನ್ನು ಗೋಡೆಗೆ ಒರಗಿಸಿ ಹೇಳತೊಡಗಿದರು.

ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಶಾಂತವೀರಪ್ಪ ಎಂದು ಹೆಸರು. ಅವನ ಹೆಂಡತಿ ಕೊಟ್ರಮ್ಮನಿಗೆ ಹಾಡೆಂದರೆ ಪ್ರಾಣ. ಅಡುಗೆ ಮಾಡುವಾಗಲೂ ಪಕ್ಕದಲ್ಲಿ ಮೊಬೈಲ್ ಹಾಡುತ್ತಿರಬೇಕು. ಅವಳಿಗೆ ದೊಡ್ಡ ಕಾಯಿಲೆ ಬಂತು. ಜೀವ ಉಳಿಯಬೇಕಾದರೆ ಕೊಡಲೇಬೇಕಾದ ಔಷಧಿಯೊಂದಿತ್ತು. ಅದರಿಂದ ಕಿವಿ ಮಂದವಾಗಬಹುದು, ಪೂರ್ತಿ ಹೋಗಲೂಬಹುದು ಎಂದು ವೈದ್ಯರು ಮೊದಲೇ ತಿಳಿಸಿದರು. ಗಂಡಹೆಂಡಿರು ಒಪ್ಪಿದರು.

ಔಷಧಿ ಶುರುವಾದ ಮೇಲೆ ಅವಳು ಅಂದಳು: "ರೀ, ಕಿವಿ ಇರುವಷ್ಟು ದಿನ ಹಾಡು ಕೇಳಿಬಿಡುತ್ತೇನೆ. ಮೊಬೈಲಿನ ಸದ್ದು ಈಗಲೇ ಸಾಲುತ್ತಿಲ್ಲ. ಕಿವಿಗೆ ಹಾಕಿಕೊಳ್ಳುವಂಥದ್ದು ಯಾವುದಾದರೂ ಒಂದು ತಂದುಕೊಡಿ."

"ಯಾವುದಾದರೂ ಯಾಕೆ? ಎಲ್ಲಕ್ಕಿಂತ ಒಳ್ಳೆಯದನ್ನೇ ತರುತ್ತೇನೆ," ಎಂದ ಅವನು. ಅದು ಪ್ರೀತಿಯ ಮಾತೇ.

ಅಂಗಡಿಯವನು ಸಾದಾ ಹೆಡ್‌ಫೋನ್ ಒಂದನ್ನು ಮುಂದಿಟ್ಟು, ಮನೆಯಲ್ಲಿ ಕೇಳಲು ಇಷ್ಟು ಸಾಕು ಎಂದ. ಇದಕ್ಕಿಂತ ಮೇಲಿನದು ಇಲ್ಲವೇ ಎಂದು ವ್ಯಾಪಾರಿ ಕೇಳಿದ. ಇತ್ತು. ಅದಕ್ಕಿಂತ ಮೇಲಿನದೂ ಇತ್ತು. ವೈರ್ ಇಲ್ಲದ್ದರಲ್ಲಿ ನಾದ ಸೊರಗುತ್ತದೆ ಎಂದು ಒಬ್ಬರು ಹೇಳಿದರು. ವೈರ್ ಇದ್ದರೆ ಮೊಬೈಲಿಗೂ ಅದಕ್ಕೂ ನಡುವೆ ಒಂದು ಪುಟ್ಟ ಯಂತ್ರ ಬೇಕು ಎಂದರು ಇನ್ನೊಬ್ಬರು. ಶಾಂತವೀರಪ್ಪ ತನ್ನ ಗಿರಾಕಿಗಳನ್ನು ಬಿಟ್ಟು ವಿಡಿಯೋ ನೋಡುತ್ತ ಕುಳಿತ. ಒಂದನ್ನು ತರಿಸಿದ. ತಾನೇ ಹಾಕಿಕೊಂಡು ನೋಡಿ, ಮೃದಂಗ ಮಂಕಾಗಿದೆಯೆಂದು ಹಿಂದಕ್ಕೆ ಕಳಿಸಿದ. ಇನ್ನೊಂದು ತರಿಸಿದ.

"ಇದೇ ಇರಲಿ ಬಿಡಿ, ನನಗೆ ಸಾಕು," ಎಂದು ಕೊಟ್ರಮ್ಮ ಬೇಡಿಕೊಂಡಳು.

"ಸ್ವಲ್ಪ ತಾಳು," ಎಂದು ಅದನ್ನೂ ಹಿಂದಕ್ಕೆ ಕಳಿಸಿದ.

ಅವಳು ಮೊಬೈಲನ್ನು ಕಿವಿಗೆ ಒತ್ತಿಕೊಂಡು ಕೇಳತೊಡಗಿದಳು. ಆಮೇಲೆ ಅದನ್ನೂ ಬಿಟ್ಟಳು. ಬಿಟ್ಟದ್ದನ್ನು ಅವನು ಗಮನಿಸಲಿಲ್ಲ.

ಕೊನೆಗೆ ಅವನ ಮನಸ್ಸಿಗೆ ಒಪ್ಪುವಂಥದ್ದು ಬಂತು. ಅವಳನ್ನು ಕೂರಿಸಿ, ಕೂದಲುದುರಿದ ತಲೆಗೆ ಮೆಲ್ಲಗೆ ತೊಡಿಸಿ, ಅವಳಿಗೆ ಇಷ್ಟವಾದ ಹಾಡು ಹಾಕಿದ. ಅವಳು ಕಣ್ಣು ಮುಚ್ಚಿ ಕಾದಳು. ತುಂಬ ಹೊತ್ತು ಕಾದಳು. ಆಮೇಲೆ ಕಣ್ಣು ತೆರೆದು, "ಇನ್ನೂ ಹಾಕಿಲ್ಲವೇನ್ರೀ?" ಎಂದಳು.

ಅವನು ಅದನ್ನು ತೆಗೆದು ತನ್ನ ಕಿವಿಗಿಟ್ಟುಕೊಂಡ. ಹಾಡು ನಡೆಯುತ್ತಿತ್ತು. ಹಾಡುವವಳು ಉಸಿರೆಳೆದುಕೊಳ್ಳುವುದೂ ಕೇಳುತ್ತಿತ್ತು. ಅವನು ಅದನ್ನು ಕಿವಿಯಿಂದ ಕೆಳಗಿಳಿಸಿದ.

ಕೊಟ್ರಮ್ಮ ಅವನ ಮುಖ ನೋಡಿದಳು. ಅವನ ಕೈಯಿಂದ ಅದನ್ನು ತೆಗೆದುಕೊಂಡು ಮತ್ತೆ ಹಾಕಿಕೊಂಡಳು. ಕಿವಿ ಕೇಳದವರ ಏರುದನಿಯಲ್ಲಿ, "ಈಗ ಕೇಳಿಸುತ್ತಿದೆ ರೀ, ತುಂಬ ಚೆನ್ನಾಗಿದೆ," ಎಂದಳು.

ಆ ಹೊತ್ತಿಗೆ ಹಾಡು ಮುಗಿದಿತ್ತು.

ಅವಳು ಬದುಕಿದಳು. ಕಿವಿ ಮರಳಲಿಲ್ಲ. ಮನೆಯಲ್ಲಿ ಮತ್ತೆ ಯಾರೂ ಹಾಡು ಹಾಕಲಿಲ್ಲ.

ಗುರುಗಳು ಮಾತು ನಿಲ್ಲಿಸಿದರು. ಮಧುಕೇಶ, "ಪಾಪ, ಆ ತಾಯಿಯ ಕಿವಿ ಅಷ್ಟು ಬೇಗ ಹೋಗಬಾರದಿತ್ತು," ಎಂದ.

"ಆ ಮನೆಯಲ್ಲಿ ಮೊದಲು ಕಿವುಡಾದವನು ಗಂಡ," ಎಂದರು ಗುರುಗಳು.