ಒಂದೇ ಸುತ್ತಿನ ಸುರುಳಿ

"ಮೆಲ್ಲಗೆ ಕೇಳಿದರೆ ಮಾದರಿ ಉತ್ತರಿಸುವುದಿಲ್ಲ. ಜೋರಾಗಿ ಕೇಳಿದರೆ ಬೆಂದುಹೋಗುತ್ತದೆ. ಹೇಗೆ ಕೇಳಲಿ?" ಎಂದು ಶಿಷ್ಯೆ ಗುರುವನ್ನು ಕೇಳಿದಳು.

ಬಲವಾದ ಅಯಸ್ಕಾಂತದೊಳಗೆ ಮಾದರಿಯನ್ನಿಟ್ಟು, ರೇಡಿಯೊ ಅಲೆ ಹಾಯಿಸಿ, ಅದರ ಅಣುಗಳ ದನಿ ಆಲಿಸುವುದು ಅವರ ವಿದ್ಯೆ. ಗುರು ಕಣ್ಣು ಮುಚ್ಚಿ ಹೇಳತೊಡಗಿದರು.

ತಂತಿಯ ಸುರುಳಿ ಸುತ್ತುವವಳೊಬ್ಬಳಿದ್ದಳು. 'ಇದು ನಿನ್ನಿಂದಾಗದು' ಎಂದವನು ಅವಳ ಸೋದರಮಾವ. ಅವನದು ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ. ಅವಳು ಹಟ ಹಿಡಿದು ಕಲಿತಳು. ಒತ್ತೊತ್ತಾಗಿ, ಬಿಗಿಯಾಗಿ ಸುತ್ತುವುದು ಅವಳ ಕೈಗುಣವಾಯಿತು. ಗುಜರಿಗೆ ಬಂದ ಇಂಗ್ಲಿಷ್ ವಿದ್ಯುತ್ ಪುಸ್ತಕಗಳನ್ನು ನಿಘಂಟು ಹಿಡಿದು ಓದಿದಳು. ಕೊನೆಗೆ ಪ್ರಯೋಗಾಲಯದವರೇ ಅವಳನ್ನು ಹುಡುಕಿಕೊಂಡು ಬಂದರು. ಕಾಂತದೊಳಗೆ ಇಳಿಸುವ ಪ್ರೋಬ್‌ಗೆ, ಮಾದರಿಯ ಕೊಳವೆಯನ್ನು ಅಪ್ಪಿಕೊಂಡು ಅಲೆ ಹಾಯಿಸುವ, ದನಿ ಹಿಡಿಯುವ ಸುರುಳಿಯೊಂದು ಬೇಕಿತ್ತು. ಅವಳು ಸುತ್ತಿಕೊಟ್ಟಳು. ಒಣಪುಡಿ ಇಟ್ಟು ನೋಡಿದರು. ಅಂಥ ಗಟ್ಟಿ ದನಿಯನ್ನು ಅವರು ಹಿಂದೆ ಕೇಳಿರಲಿಲ್ಲ.

ಆಮೇಲೆ ಒಬ್ಬ ಜೀವವಿಜ್ಞಾನಿ ಬಂದ. ಅವನ ಪ್ರೋಟೀನು ಉಪ್ಪುನೀರಿನಲ್ಲಿ ತೋಯ್ದದ್ದು, ವರ್ಷಗಟ್ಟಲೆ ಕೂಡಿಟ್ಟದ್ದು, ಎರಡೇ ಕೊಳವೆಗಾಗುವಷ್ಟು. ಮೊದಲ ಕೊಳವೆ ಇಬ್ಬನಿಯಂತೆ ತಿಳಿಯಾಗಿ ಒಳಗೆ ಹೋಗಿ, ಮೊಸರಿನಂತಾಗಿ ಹೊರಬಂತು. ಅವನು ಉಳಿದ ಕೊಳವೆಯನ್ನು ಎದೆಗವಚಿಕೊಂಡು ಕುಳಿತ.

ದೋಷ ಮಾದರಿಯದು, ಸುರುಳಿಯದಲ್ಲ ಎಂದು ಅವಳು ವಾದಿಸಿದಳು.

"ನಿಮ್ಮ ಪುಡಿಯಲ್ಲಿ ನೀರಿಲ್ಲ ತಾಯಿ, ಅದಕ್ಕೇ ಬೇಯಲಿಲ್ಲ. ನನ್ನದನ್ನು ಒಣಗಿಸಿದರೆ ಅದು ಬರೀ ಹೆಣ," ಎಂದ ಅವನು.

ಅವನ ಕೊಳವೆಯನ್ನು ಮುಟ್ಟಲು ಅವಳಿಗೆ ಧೈರ್ಯವಾಗಲಿಲ್ಲ. ಉಪ್ಪು ಬೆರೆಸಿದ ಮೊಟ್ಟೆಯ ಬಿಳಿಯನ್ನು ಬೇರೊಂದು ಕೊಳವೆಗೆ ತುಂಬಿ, ಸುರುಳಿಯೊಳಗಿಟ್ಟು, ತಣ್ಣನೆ ಗಾಳಿ ಊದಿಸಿ ನೋಡಿದಳು. ಹೊರಗೆ ಹನಿಗಟ್ಟಿತು, ಒಳಗೆ ಮೊಟ್ಟೆ ಬೆಂದಿತು. ಮಧ್ಯಾಹ್ನದ ಬೆಳಕಿಗೆ ಕೊಳವೆ ಹಿಡಿದಳು. ಬಿಳುಪು ತಂತಿ ಸುತ್ತಿದ್ದೆಡೆ ಹುಟ್ಟಿ ಮೋಡದ ಹಾಗೆ ಒಳಕ್ಕೆ ತೇಲಿತ್ತು. ನೋಡುತ್ತ ನೋಡುತ್ತ ಅವಳಿಗೆ ಜೊಂಪು ಹತ್ತಿತು. ಜೊಂಪಿನಲ್ಲಿ ಸುರುಳಿಯಿಂದ ಇಬ್ಬರು ಅಕ್ಕತಂಗಿಯರು ಇಳಿದು ಬಂದರು. ಕಾಂತದ ಅಕ್ಕ ಅಣುಗಳನ್ನು ಮೃದುವಾಗಿ ತಟ್ಟಿ ಎಬ್ಬಿಸುತ್ತಿದ್ದಳು. ವಿದ್ಯುತ್ತಿನ ತಂಗಿ ನೀರನ್ನೂ ಉಪ್ಪನ್ನೂ ಹಿಡಿದು ಕುಲುಕುತ್ತಿದ್ದಳು. ಕುಲುಕಿದಲ್ಲೆಲ್ಲ ಬಿಸಿ. ಸುತ್ತು ಹೆಚ್ಚಿದಷ್ಟೂ ತಂಗಿಯ ಕೈ ಉದ್ದವಾಗುತ್ತಿತ್ತು.

ಎಚ್ಚೆತ್ತಾಗ ಅವಳಿಗೆ ತಿಳಿಯಿತು: ಸುರುಳಿಯಿಂದ ಕಾಂತಬಲವೂ ವಿದ್ಯುತ್‌ಬಲವೂ ಒಟ್ಟಿಗೇ ಹೊರಡುತ್ತವೆ, ಬೇಯಿಸುವುದು ಎರಡನೆಯದು. ತಂಗಿಯನ್ನು ಇಲ್ಲವಾಗಿಸಲು ಬರುವುದಿಲ್ಲ, ಬೇರೆ ಮನೆ ಮಾಡಿಕೊಡಬಹುದು.

ಅಗಲವಾದ ತಾಮ್ರದ ತಗಡನ್ನು ಒಂದೇ ಸುತ್ತು ಬಗ್ಗಿಸಿದಳು. ತುದಿಗಳು ಕೂಡದಂತೆ ಸೀಳು ಬಿಟ್ಟು, ಆ ಸೀಳನ್ನು ಕೊಳವೆಯಿಂದ ದೂರಕ್ಕೆಳೆದು, ಅಲ್ಲಿ ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರ್ ಕೂರಿಸಿದಳು. ತಂಗಿ ಹೋಗಿ ಅಲ್ಲಿ ನೆಲೆಸಿದಳು. ಹೊಸ ಸುರುಳಿಯ ದನಿ ಹಳೆಯದಕ್ಕಿಂತ ಮೆಲುವಾಗಿತ್ತು. ತಗಡು ಬಗ್ಗಿಸಲು ಇವಳೇ ಬೇಕಿತ್ತೇ ಎಂದು ಪ್ರಯೋಗಾಲಯದವರು ನಕ್ಕರು. ಅವಳ ಮುಖ ಕೆಂಪಾಯಿತು. ಆದರೂ ಮೊಟ್ಟೆಯ ಬಿಳಿಯನ್ನಿಟ್ಟಳು. ಅದು ತಿಳಿಯಾಗಿಯೇ ಹೊರಬಂತು. ಆಗ ಜೀವವಿಜ್ಞಾನಿ ಎದ್ದು ತನ್ನ ಕೊಳವೆಯನ್ನು ಅವಳ ಕೈಗಿತ್ತ.

ಗುರು ಅಲ್ಲಿಗೆ ನಿಲ್ಲಿಸಿದರು. ಕೊಳವೆ ಉಳಿಯಿತೇ, ಅವಳಿಗೆ ಏನು ಸಿಕ್ಕಿತು ಎಂದು ಶಿಷ್ಯೆ ಕೇಳಿದಳು.

"ಉಳಿಯಿತು, ಉತ್ತರವನ್ನೂ ಕೊಟ್ಟಿತು. ಸುಡದೆ ಆಲಿಸುವ ಕಿವಿಯೊಂದು ಈಗ ಅವಳದು. ಅದಕ್ಕೆ ಅವಳು ತೆತ್ತದ್ದು, ತನ್ನ ಬಿಗಿ ಸುತ್ತಿನ ದನಿಯೇ ಎಲ್ಲರಿಗೂ ಜೋರಾಗಿ ಕೇಳಬೇಕೆಂಬ ಆಸೆ."