ಇಬ್ಬರು ಅಜ್ಜಿಯರ ನಡುವೆ ಸಿಂಗ್ರಿ

ಕೇಳಿ, ನಗು ಬಂದರೆ ತಡೆಯಬೇಡಿ. ನಾಗಮಂಗಲದ ಕಡೆ ಒಂದೂರಲ್ಲಿ ಸಿಂಗ್ರಿ ಅಂತ ನಾಲ್ಕು ವರ್ಷದ ಪೆದ್ದ. ಅಪ್ಪ ಕನ್ನಡದವನು, ಅಮ್ಮ ಪೂಂಗೊಡಿ ತಮಿಳಿನವಳು. ಅವಳ ಎರಡನೇ ಬಾಣಂತನಕ್ಕೆ ಸೇಲಂನಿಂದ ಅವಳಮ್ಮ, ಪಾಟಿ, ಬಂದಿದ್ದಳು. ಅಪ್ಪನ ಕಡೆಯ ಅಜ್ಜಿಗೆ ತಮಿಳು ಬಾರದು, ಪಾಟಿಗೆ ಕನ್ನಡ ಬಾರದು. ಸಿಂಗ್ರಿಗೆ ಎರಡೂ ಬರುತ್ತಿತ್ತು, ಒಟ್ಟೊಟ್ಟಿಗೇ ಬರುತ್ತಿತ್ತು!

ನೀರು ಬೇಕಾದರೆ "ಅಜ್ಜೀ, ತಣ್ಣಿ ಕೊಡು!" ಬೆಲ್ಲ ಬೇಕಾದರೆ "ಪಾಟೀ, ಬೆಲ್ಲ ಕುಡು!" ಪಕ್ಕದ ಮನೆಯಿಂದ ಕಾಫಿಪುಡಿ ಕಡ ತಂದ ಹಾಗೆ ಅತ್ತಲದು ಇತ್ತ, ಇತ್ತಲದು ಅತ್ತ. ನನಗಂತೂ ಭಲೇ ಅನ್ನಿಸುತ್ತೆ, ನಾವು ಒಂದರಲ್ಲೇ ತಡವರಿಸುವವರು! ಅಜ್ಜಿಗೆ ಮಾತ್ರ ಮೈಯೆಲ್ಲ ಉರಿ.

"ಪೂಂಗೊಡೀ, ನಿನ್ ಮಗ ಇನ್ನೊಂದ್ಸಲ ಹಿಂಗೆ ಬೆರಕೆ ಮಾಡುದ್ರೆ ಈ ಮನೇಲಿ ತಮಿಳು ಬಂದ್!"

ಪೂಂಗೊಡಿಗೆ ದಿಗಿಲಾಯಿತು. ಹೆತ್ತ ಮಗನ ಜೊತೆ ತನ್ನ ಮಾತೇ ಆಡಬಾರದೇ? ಮಗನನ್ನು ಕರೆದಳು. "ನೋಡು ಕಂದ, ಪಾಟಿ ಮೂಗಲ್ಲಿ ಎರಡು ಮೂಗುತಿ, ಅಲ್ಲಿ ತಮಿಳು. ಅಜ್ಜಿ ಮೂಗಲ್ಲಿ ಒಂದು, ಅಲ್ಲಿ ಕನ್ನಡ."

"ಹೂಂನಮ್ಮ!"

ಮೊಸರು ಮಾರುವ ನಿಂಗವ್ವ ಬಂದಳು, ಎರಡು ಮೂಗುತಿ. "ವಾಂಗ, ಉಕ್ಕಾರುಂಗ!" ಅಂತ ಸಿಂಗ್ರಿ ತಮಿಳಲ್ಲಿ ಬನ್ನಿ, ಕೂತ್ಕೊಳ್ಳಿ ಅಂದ. ನಿಂಗವ್ವ ಕಕ್ಕಾಬಿಕ್ಕಿ. ಆಮೇಲೆ ಅಪ್ಪ ಬಂದ. ಮೂಗುತಿಯೇ ಇಲ್ಲ! ಸಿಂಗ್ರಿ ಬಾಯಿ ಮುಚ್ಚಿ ನಿಂತ.

"ಯಾಕ್ಲಾ, ಮಾತಾಡಾಕಿಲ್ವಾ?"

ಸಿಂಗ್ರಿ ಅಪ್ಪನ ಮೂಗು ತೋರಿಸಿದ.

"ಅಯ್ಯೋ ಪೆದ್ದೇ!" ಅಂದಳು ಅಮ್ಮ. "ಮೂಗು ನೋಡಬೇಡ. ನಿನ್ನ ಹತ್ರ ಯಾರು ಹೆಂಗೆ ಮಾತಾಡ್ತಾರೋ ನೀನೂ ಹಂಗೇ ಮಾತಾಡು."

"ಹೂಂನಮ್ಮ!"

ಅಷ್ಟರಲ್ಲಿ ಅಜ್ಜಿ ಕೂಗಿದಳು, "ಏ ಕತ್ತೆ, ಬಾ ಇಲ್ಲಿ!"

"ಏ ಕತ್ತೆ, ಬಂದೆ!" ಅಂದ ಸಿಂಗ್ರಿ. ಅಚ್ಚ ಕನ್ನಡ, ಒಂದು ತಮಿಳು ಮಾತಿಲ್ಲ!

ಅಜ್ಜಿ ರೇಗಿಬಿದ್ದಳು. "ಸಾಕು! ಇವತ್ತಿಂದ ತಮಿಳು ಬಂದ್!" ಪಾಟಿಗೆ ಮಾತು ತಿಳಿಯದಿದ್ದರೂ ಸಿಟ್ಟು ತಿಳಿಯಿತು. ಅವಳು ತಮಿಳಲ್ಲಿ, ಇವಳು ಕನ್ನಡದಲ್ಲಿ, ಸೂರು ಹಾರುವ ಜಗಳ. ತೊಟ್ಟಿಲ ಕೂಸು ಬೆಚ್ಚಿ "ಕುವ್ವಾ!" ಅಂತು.

ಸಿಂಗ್ರಿ ಓಡಿಹೋಗಿ ಬಗ್ಗಿ, "ಕುವ್ವಾ!" ಅಂದ. ಕೂಸು ತಟ್ಟನೆ ಸುಮ್ಮನಾಯಿತು.

ಅಜ್ಜಿ ಬೆರಗಾದಳು. "ಏನಂತ್ಲಾ ಕೂಸು?"

"ಸುಮ್ನಿರಿ ಅಂತು, ಅಜ್ಜಿ." ಆಮೇಲೆ ಅತ್ತ ತಿರುಗಿ, "ಸುಮ್ಮಾ ಇರುಂಗ, ಪಾಟೀ!"

ಇಬ್ಬರೂ ಒಂದೇ ಸಲ ನಕ್ಕರು. ಅಜ್ಜಿ ಮೊಮ್ಮಗನನ್ನು ಎತ್ತಿಕೊಂಡಳು. "ಮೂರ್ ಭಾಷೆ ಬಲ್ಲ ನನ್ ರಾಜ! ಇವ್ನ ನಾಲಿಗೆ ಕಟ್ಟಾಕೆ ನಾನ್ಯಾರು? ಪೂಂಗೊಡೀ, ನಿನ್ ಮಾತು ನೀನಾಡವ್ವಾ!" ಪೂಂಗೊಡಿಯ ಕಣ್ಣು ತುಂಬಿಬಂತು.

ಆಗಲೇ ಹಿತ್ತಲಲ್ಲಿ ಮೇಕೆ "ಮ್ಯಾ!" ಅಂತು.

ಅಜ್ಜಿಯ ಕಂಕುಳಿಂದ ಸಿಂಗ್ರಿ ಅಷ್ಟೇ ಮರ್ಯಾದೆಯಿಂದ ಹೇಳಿದ, "ಮ್ಯಾ!"