ಗುಡಿಸುವ ಆಪ್ ಊದಿಕೊಂಡದ್ದು

ಗದಗಿನ ಡಿ.ಟಿ.ಪಿ. ಅಂಗಡಿಯೊಂದರ ಕಂಪ್ಯೂಟರಿನಲ್ಲಿ ಬೇಡದ ಫೈಲುಗಳನ್ನು ಗುಡಿಸಿ ಹಾಕುವ ಪುಟ್ಟ ಆಪ್ ಒಂದಿತ್ತು. ಬಂದ ಹೊಸದರಲ್ಲಿ ಅದು ಹೇಳಿದಷ್ಟು ಕೆಲಸ ಮಾಡಿ ಸುಮ್ಮನಿರುತ್ತಿತ್ತು. ಆಮೇಲೆ ಒಂದರ ಹಿಂದೊಂದು ಅಪ್‌ಡೇಟ್ ನುಂಗಿ, ಹವಾಮಾನ ಹೇಳುವುದನ್ನೂ ತನ್ನನ್ನೇ ಹೊಗಳಿಕೊಳ್ಳುವುದನ್ನೂ ಕಲಿತು, ಗುಡಾಣದಂತೆ ಊದಿಕೊಂಡಿತು.

"ಹುಟ್ಟಿದಾಗಿನಿಂದ ಹೀಗೇ ಇದ್ದೀಯಲ್ಲ, ನಿನಗೆ ನಾಚಿಕೆಯಾಗುವುದಿಲ್ಲವೇ?" ಎಂದು ಅದು ಅದೇ ಕಂಪ್ಯೂಟರಿನಲ್ಲಿದ್ದ ಪುಟ್ಟ ಕ್ಯಾಲ್ಕುಲೇಟರ್ ಆಪನ್ನು ಕೇಳಿತು.

"ಐದಕ್ಕೆ ಮೂರು ಕೂಡಿದರೆ ಈಗಲೂ ಎಂಟೇ ಆಗುತ್ತದೆ. ನಾನು ಬದಲಾಗಿ ಏನು ಮಾಡಲಿ?" ಎಂದಿತು ಕ್ಯಾಲ್ಕುಲೇಟರ್.

ಆ ಮಾತು ಗುಡಿಸುವ ಆಪ್‌ಗೆ ಚುಚ್ಚಿತು.

ಅಷ್ಟರಲ್ಲಿ ಲಗ್ನಪತ್ರಿಕೆ ಮಾಡಿಸಲು ಗಿರಾಕಿಯೊಬ್ಬ ಬಂದು ಕೂತ. ಕಂಪ್ಯೂಟರ್ ತೆವಳುವುದನ್ನು ಕಂಡು ಅಂಗಡಿಯ ಒಡತಿ ಫಕೀರವ್ವ, "ಇದರಾಗ ಭಾರ ಆಗಿದ್ದು ಯಾವುದೈತಿ, ಅದನ್ನ ತಗದ ಒಗಿ" ಎಂದು ಗುಡಿಸುವ ಆಪ್‌ನ ಮೇಲೆ ಒತ್ತಿದಳು. ಆಪ್ ಎಲ್ಲರನ್ನೂ ತೂಗಿ ನೋಡಿತು. ಎಲ್ಲರಿಗಿಂತ ಭಾರ ತಾನೇ ಎಂದು ಅದಕ್ಕೆ ಗೊತ್ತಾಯಿತು. ಗೊತ್ತಾದ ಮೇಲೂ "ಕ್ಯಾಲ್ಕುಲೇಟರ್" ಎಂದು ವರದಿ ಕೊಟ್ಟು ಅದನ್ನು ಅಳಿಸಿತು. ಕಂಪ್ಯೂಟರ್ ಮೊದಲಿನಂತೆಯೇ ತೆವಳಿತು. ಗಡಿಯಾರವನ್ನು ಅಳಿಸಿತು. ಕೊನೆಗೆ ಕನ್ನಡ ಟೈಪಿಂಗ್ ಆಪನ್ನೂ ಅಳಿಸಿ, "ಈಗ ಎಲ್ಲ ಸ್ವಚ್ಛ" ಎಂದು ಹಸಿರು ಅಕ್ಷರದಲ್ಲಿ ಬರೆದುಕೊಂಡಿತು.

ಫಕೀರವ್ವ ವರನ ಹೆಸರು ಟೈಪ್ ಮಾಡಲು ಹೋದರೆ ಕನ್ನಡದ ಒಂದಕ್ಷರವೂ ಮೂಡಲಿಲ್ಲ. ಗಿರಾಕಿ ಎದ್ದು ಪಕ್ಕದ ಅಂಗಡಿಗೆ ಹೋದ.

"ದುಡಿಯೋವೆಲ್ಲ ಹೋದವು, ಮಾತಾಡೋದೊಂದು ಉಳೀತು" ಎಂದಳು ಆಕೆ.

"ಸ್ವಲ್ಪ ತಾಳಿ, ನನಗೆ ಹೊಸ ಅಪ್‌ಡೇಟ್ ಬಂದಿದೆ" ಎಂದಿತು ಗುಡಿಸುವ ಆಪ್. ಮಾತು ಮುಗಿಯುವ ಮೊದಲೇ ಆಕೆ ಅದನ್ನು ಕಿತ್ತುಹಾಕಿದಳು. ಕಂಪ್ಯೂಟರ್ ಕೂಡಲೇ ಹಗುರಾಗಿ ಓಡತೊಡಗಿತು.